ಅವನು ನೋಡದ ಫೋಟೊ

ಹೋದ ವಾರ ನನ್ನ ಫೋನು ಚಾರ್ಜ್ ಹಿಡಿಯುವುದನ್ನು ನಿಲ್ಲಿಸಿತು. ವೈರನ್ನು ತಿರುಚಿ ಇಟ್ಟೆ, ಓರೆ ಮಾಡಿ ಇಟ್ಟೆ, ಬೈದೂ ನೋಡಿದೆ, ಜಪ್ಪಯ್ಯ ಅನ್ನಲಿಲ್ಲ. ಕನಕಪುರ ಬಸ್‌ಸ್ಟ್ಯಾಂಡಿನ ಹಿಂದೆ ಹೊಸ ಕಾಂಪ್ಲೆಕ್ಸಿನಲ್ಲಿ ಒಬ್ಬ ರಿಪೇರಿಯವನಿದ್ದಾನೆ ಅಂದರು, ಹೋದೆ. ಅವನು ಫೋನು ಬಿಚ್ಚಿ, ಬೋರ್ಡಿನ ಮೇಲೆ ಕಡ್ಡಿಯಲ್ಲಿ ಒಂಚೂರು ಪೇಸ್ಟ್ ಸವರಿ, ಬಿಸಿಗಾಳಿ ಊದುವ ಮೆಷಿನ್ ಹಿಡಿದ. ಪೇಸ್ಟ್ ಕರಗಿ ಹೊಗೆ ಎದ್ದಿತು. ಸಾಂಬ್ರಾಣಿಯ ಜೊತೆ ಪ್ಲಾಸ್ಟಿಕ್ ಸೇರಿಸಿ ಸುಟ್ಟರೆ ಬರುತ್ತದಲ್ಲ, ಆ ವಾಸನೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ಯಾಕಮ್ಮ, ತಲೆ ಸುತ್ತಾ ಐತಾ?" ಅಂದ. "ಇಲ್ಲಪ್ಪ, ನೀನು ನಿನ್ನ ಕೆಲಸ ನೋಡು" ಅಂದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆ ವಾಸನೆಯನ್ನು ನಾನು ವರ್ಷಗಟ್ಟಲೆ ಕುಡಿದವಳು. ಸೀರೆಗೆ ಫಾಲ್ ಹಾಕಿ, ಪೀಕೊ ಮಾಡಿ, ಬ್ಲೌಸು ಹೊಲಿಯುವ ನನ್ನ ಅಂಗಡಿಯ ಪಕ್ಕದಲ್ಲೇ ಆಗ ಇನ್ನೊಬ್ಬ ರಿಪೇರಿಯವನ ಮಳಿಗೆ ಇತ್ತು. ಮಳಿಗೆ ಅನ್ನುವುದು ದೊಡ್ಡ ಮಾತು. ಒಂದು ಟೇಬಲ್ಲು, ಒಂದು ಕುರ್ಚಿ, ಒಂದು ಹಳೆ ಕಂಪ್ಯೂಟರ್, ಅಷ್ಟಕ್ಕೇ ತುಂಬಿಹೋಗುತ್ತಿತ್ತು. ಇಬ್ಬರಿಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಹಲಗೆಗಳ ಸಂದಿನಿಂದ ಅವನ ಹೊಗೆ ನೇರ ನನ್ನ ಬಟ್ಟೆಗಳ ಮೇಲೆ.

"ಲೋ, ನಿನ್ನ ಹೊಗೆಗಷ್ಟು ಬೆಂಕಿ ಹಾಕ! ಮದುವೆ ಹೆಣ್ಣಿನ ಬ್ಲೌಸ್ ಕಣೋ ಇದು. ಧಾರೆಗೆ ನಿಂತ್ಕಂಡಾಗ ಸುಟ್ಟ ವೈರ್ ಥರ ನಾತ ಹೊಡೀಬೇಕಾ?" ಅಂತ ನಾನು ಹಲಗೆ ಗುದ್ದುತ್ತಿದ್ದೆ.

"ಒಸಿ ತಡ್ಕೊ ಅಕ್ಕ, ಇದೊಂದು ಐಸಿ ಕೂತ್ಕಂಬುಡ್ಲಿ" ಅಂತ ಆ ಕಡೆಯಿಂದ ದನಿ ಬರುತ್ತಿತ್ತು. ನನಗಿಂತ ಚಿಕ್ಕವನು. ನನ್ನ ಬೈಗುಳಕ್ಕೆ ಎಂದೂ ಮುಖ ಊದಿಸಿಕೊಂಡವನಲ್ಲ. ಮಧ್ಯಾಹ್ನ ಅವನ ಡಬ್ಬಿಯ ಸೊಪ್ಪಿನ ಸಾರು ನನಗೆ, ನನ್ನ ಡಬ್ಬಿಯ ಚಟ್ನಿ ಅವನಿಗೆ. ಒಡಹುಟ್ಟಿದವರ ಜೊತೆಗೂ ಅಷ್ಟು ದಿನ ಕೂತು ನಾನು ಉಂಡಿಲ್ಲ.

ಗಾಜು ಹಾಕುವುದು, ಬ್ಯಾಟರಿ ಬದಲಿಸುವುದು ಅವನ ಅಂಗಡಿಯಲ್ಲಿ ಕಡಿಮೆ. ಬೇರೆ ಅಂಗಡಿಯವರು "ಇದು ಸತ್ತೋಗದೆ, ಹೊಸದು ತಗೊಳ್ಳಿ" ಅಂದು ಕೈ ಚೆಲ್ಲಿದ ಫೋನುಗಳು, ಟಿವಿ ಬೋರ್ಡುಗಳು, ಸೆಟ್‌ಟಾಪ್ ಬಾಕ್ಸುಗಳು ಅವನ ಹತ್ತಿರ ಬರುತ್ತಿದ್ದವು. ಒಂದು ಸಲ ಕೈಬೆರಳ ಉಗುರಿನಷ್ಟು ಕರಿ ಚೌಕ ತೋರಿಸಿ, "ಇದೇ ಮೆಮೊರಿ ಐಸಿ ಅಕ್ಕ, ಫೋನಿನ ಬುದ್ಧಿ, ನೆನಪು ಎಲ್ಲ ಇದ್ರಲ್ಲೇ ಇರದು" ಅಂದಿದ್ದ. ಅದನ್ನು ಬಿಸಿಗಾಳಿಯಿಂದ ಎಬ್ಬಿಸಿ, ಥಿನ್ನರಿನಲ್ಲಿ ತೊಳೆದು, ಕಂಪ್ಯೂಟರಿಗೆ ಸಿಕ್ಕಿಸಿದ ಸಣ್ಣ ಡಬ್ಬದಲ್ಲಿ ಕೂರಿಸಿ ಒಳಗಿರುವುದನ್ನು ಓದಿಸುತ್ತಿದ್ದ. ಕೆಟ್ಟ ಸಾಫ್ಟ್‌ವೇರನ್ನು ಒರೆಸಿ ಹೊಸದು ಬರೆದು ಮತ್ತೆ ಅದರ ಜಾಗಕ್ಕೆ ಕೂರಿಸುತ್ತಿದ್ದ. ಚಿಪ್ಪೇ ಸುಟ್ಟಿದ್ದರೆ ಗುಜರಿಯಿಂದ ತಂದ ಅದೇ ಮಾಡೆಲ್ಲಿನ ಫೋನಿನಿಂದ ಒಂದು ಚಿಪ್ ಎಬ್ಬಿಸಿ, ತೊಳೆದು, ಒರೆಸಿ, ಹೊಸದಾಗಿ ಬರೆದು ಹಾಕುತ್ತಿದ್ದ.

ಇದರಲ್ಲಿ ಒಂದು ವಿಷಯವಿದೆ. ಚಿಪ್ಪನ್ನು ಓದಿಸಿದಾಗ ಒಳಗಿರುವುದೆಲ್ಲ ಕಂಪ್ಯೂಟರ್ ಪರದೆಯ ಮೇಲೆ ಸಾಲಾಗಿ ಬಂದು ನಿಲ್ಲುತ್ತದೆ. ಫೋಟೊ, ವಿಡಿಯೊ, ಮೆಸೇಜು. ತೆಗೆದು ನೋಡುವುದಕ್ಕೆ ಒಂದು ಒತ್ತು ಸಾಕು. ನೋಡುವವರು ಇದ್ದರು. ಒಂದು ಸಲ ಯಾವುದೋ ಅಂಗಡಿಗೆ ರಿಪೇರಿಗೆ ಕೊಟ್ಟ ಫೋನಿನಿಂದ ಒಬ್ಬ ಹೆಣ್ಣುಮಗಳ ಫೋಟೊಗಳು ಹೊರಗೆ ಬಂದು, ಪಾಪ, ಅವಳ ಮದುವೆಯೇ ಮುರಿದುಹೋಯಿತು. ಆಮೇಲೆ ನಮ್ಮ ಊರಿನ ಹೆಂಗಸರಿಗೆ ಫೋನು ರಿಪೇರಿಗೆ ಕೊಡುವುದೆಂದರೆ ಎದೆ ಡವಡವ.

ಇವನು ನೋಡುತ್ತಿರಲಿಲ್ಲ. ನಾನು ಅವನ ಹಿಂದೆಯೇ ನಿಂತು ಎಷ್ಟು ಸಲ ಕಂಡಿದ್ದೇನೆ. ಪರದೆಯ ಮೇಲೆ ಸಾಲು ಬರುತ್ತಿದ್ದಂತೆ ಇವನ ಕೈ ಒರೆಸುವ ಬಟನ್ನಿಗೆ ಹೋಗುತ್ತಿತ್ತು. "ಇನ್ನೊಬ್ರ ಮನೆ ಬಚ್ಚಲಿಗೆ ಇಣುಕ್ದಂಗೆ ಅಕ್ಕ ಅದು. ನಮ್ಗ್ಯಾಕೆ?" ಅನ್ನುತ್ತಿದ್ದ. ಅದನ್ನು ನಾನು ಊರಿಗೆಲ್ಲ ಹೇಳಿದೆ. ನನ್ನ ಬಾಯಿ ಕೇಳಬೇಕೆ? ಬ್ಲೌಸಿನ ಅಳತೆ ಕೊಡಲು ಬಂದವರಿಗೆಲ್ಲ "ಧೈರ್ಯವಾಗಿ ಕೊಡಿ, ನಮ್ಮ ಪಕ್ಕದವನು ನೋಡಲ್ಲ" ಅಂದೆ. ಟೀಚರುಗಳು, ನರ್ಸುಗಳು, ಕಾಲೇಜು ಹುಡುಗಿಯರು, ಅವರ ತಾಯಂದಿರು, ಎಲ್ಲರೂ ಅವನ ಹತ್ತಿರವೇ ಬರತೊಡಗಿದರು.

ಬಸ್‌ಸ್ಟ್ಯಾಂಡಿನ ಎದುರು ಹೂ ಮಾರುವ ಹೆಂಗಸೊಬ್ಬಳಿದ್ದಳು. ಅವಳ ಫೋನು ಹೂವಿನ ಬಕೆಟ್ಟಿಗೆ ಬಿದ್ದು ಚಿಪ್ ಸುಟ್ಟುಹೋಗಿತ್ತು. ಇವನು ರಾಮನಗರದ ಗುಜರಿಯಿಂದ ಗೋಣಿಚೀಲದಲ್ಲಿ ಬಂದ ಫೋನುಗಳ ರಾಶಿಯಿಂದ ಅಂಥದ್ದೇ ಮಾಡೆಲ್ ಹುಡುಕಿ, ಅದರ ಚಿಪ್ ತೆಗೆದು ಅವಳ ಫೋನಿಗೆ ಹಾಕಿ ಕೊಟ್ಟ.

ಪ್ರತಿ ಫೋನಿಗೂ ಅದರದೇ ಒಂದು ನಂಬರ್ ಇರುತ್ತದಂತೆ. ಸಿಮ್ಮಿನ ನಂಬರ್ ಅಲ್ಲ, ಫೋನಿನ ನಂಬರು. ಅದು ಅಂಥ ಫೋನುಗಳಲ್ಲಿ ಈ ಚಿಪ್ಪಿನ ಒಂದು ಮೂಲೆಯಲ್ಲಿ ಕೂತಿರುತ್ತದೆ. ಬಾಕಿ ಎಲ್ಲ ಒರೆಸಿದರೂ ಆ ಮೂಲೆಯನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ನೆಟ್‌ವರ್ಕ್ ಬರುವುದಿಲ್ಲ. ಹಾಗಾಗಿ ರಿಪೇರಿಯವರೆಲ್ಲ ಅದನ್ನು ಇದ್ದ ಹಾಗೇ ಬಿಡುತ್ತಾರೆ. ಇವನೂ ಬಿಟ್ಟ. ಹೂವಿನವಳ ಫೋನು ಯಾರದೋ ಸತ್ತ ಫೋನಿನ ನಂಬರ್ ಹೊತ್ತುಕೊಂಡು ಜೀವ ಪಡೆಯಿತು. ಇದು ತಪ್ಪು ಅಂತ ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ...

ಸ್ವಲ್ಪ ದಿನ ಕಳೆದು ಒಂದು ಬೆಳಿಗ್ಗೆ ಹೂವಿನವಳು ಒಬ್ಬ ಯಜಮಾನರನ್ನು ಕರೆದುಕೊಂಡು ಬಂದಳು. ಹೆಗಲ ಮೇಲೆ ಕರಿಕಂಬಳಿ, ಆಗಷ್ಟೇ ಗಡ್ಡ ಹೆರೆಸಿಕೊಂಡ ಮುಖ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮದುವೆ ಮನೆಗೆ ಹೊರಟವರ ಹಾಗೆ ಇದ್ದರು. "ಯಕ್ಕ, ಯಾರೋ ಏನೋ, ನನ್ ಫೋನು ಇವ್ರ ಮಗಳ್ದು ಅಂತವ್ರೆ. ಮಗಳ್ನ ಎಲ್ಲಿಟ್ಟಿದ್ದೀಯ ಅಂತ ನನ್ನೇ ಕೇಳ್ತಾವ್ರೆ" ಅಂದಳು ಹೂವಿನವಳು, ಅಳುವ ಹಾಗಾಗಿದ್ದಳು.

ಯಜಮಾನರು ಮರಳವಾಡಿ ಕಡೆಯವರು. ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ಒಬ್ಬಳೇ ಮಗಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಒಂದು ದಿನ ಕೆಲಸಕ್ಕೆ ಅಂತ ಹೋದವಳು ಮನೆಗೆ ಬರಲಿಲ್ಲ. ಫೋನು ಸ್ವಿಚ್ ಆಫ್. ವರ್ಷ ಕಳೆದಿತ್ತು. ಆ ಫೋನನ್ನು ಯಾರಾದರೂ ಆನ್ ಮಾಡಿದರೆ ತಿಳಿಯುತ್ತದೆ ಅಂತ ಪೊಲೀಸರು ಹೇಳಿದ್ದರಂತೆ. ಹಿಂದಿನ ದಿನ ಅವರೇ ಫೋನ್ ಮಾಡಿ, ನಿಮ್ಮ ಮಗಳ ಫೋನು ಕನಕಪುರದಲ್ಲಿ ಆನ್ ಆಗಿದೆ, ಹೂ ಮಾರುವವಳ ಕೈಲಿದೆ, ನಾವು ಹೋಗುತ್ತೇವೆ ಅಂದಿದ್ದರು. ಪೊಲೀಸರು ಹೊರಡುವ ಮೊದಲೇ ಇವರು ಮೊದಲ ಬಸ್ ಹತ್ತಿಬಿಟ್ಟಿದ್ದರು. ಕೈಯಲ್ಲೊಂದು ಬಟ್ಟೆ ಚೀಲ. ಮಗಳಿಗೆ ಅಂತ ಅವರ ಹೆಂಡತಿ ಕಜ್ಜಾಯ ಸುಟ್ಟು ಕಟ್ಟಿಕೊಟ್ಟಿದ್ದರು.

ನನ್ನ ಪಕ್ಕದವನಿಗೆ ಎಲ್ಲ ಅರ್ಥವಾಗಿಹೋಗಿತ್ತು. ಕುರ್ಚಿ ಬಿಟ್ಟು ಎದ್ದು, ಯಜಮಾನರನ್ನು ನನ್ನ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂರಿಸಿ, ತಾನು ಕೆಳಗೆ ಕೂತ. ಚಿಪ್ಪು, ನಂಬರು, ಗುಜರಿ ಅಂತ ಬಿಡಿಸಿ ಬಿಡಿಸಿ ಹೇಳಿದ. ಅವರು ತಲೆ ಆಡಿಸಿದರು, ಕಡೆಗೆ ಮತ್ತೆ ಅದೇ ಮಾತು.

"ಅದೆಲ್ಲ ಇರ್ಲಿ ಕಣ್ ಮಗ. ಫೋನ್ ಬಂದೈತಲ್ಲ, ನನ್ ಮಗಳು ಎಲ್ಲವ್ಳೆ ಹೇಳು."

ಅವರಿಗೆ ತಿಳಿಯುವ ಹಾಗೆ ಹೇಳಬೇಕು ಅಂತ ಅವನು ಪರದಾಡಿದ. "ಯಜಮಾನ್ರೆ, ನಿಮ್ ಕುರಿಗೆ ಕಿವಿಗೆ ನಂಬರ್ ಓಲೆ ಹೊಡೀತಾರಲ್ಲ, ಹಂಗೆ ಇದು. ಸತ್ತೋದ್ ಕುರಿ ಓಲೆ ಬಿಚ್ಚಿ ಇನ್ನೊಂದ್ ಕುರಿಗೆ ಹಾಕ್ದಂಗಾಯ್ತು. ಓಲೆ ಅದೇಯ, ಕುರಿ ಬ್ಯಾರೆ."

"ಆ ಓಲೆ ಬಿಚ್ಚಕ್ಕೆ ಬರಲ್ಲ ಕಣಪ್ಪ" ಅಂದರು ಯಜಮಾನರು ಮೆತ್ತಗೆ. "ಕುರಿ ಸತ್ರೆ ಕಿವೀನೇ ಕುಯ್ದು, ಓಲೆ ಸಮೇತ ತಗಂಡೋಗಿ ಇನ್ಸೂರೆನ್ಸ್‌ನೋರ್ಗೆ ತೋರುಸ್ಬೇಕು. ನಾನೇ ಕುಯ್ದಿವ್ನಿ." ಆಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು, "ಸತ್ತೋದ್ ಕುರಿ ಅಂದ್ಯಲ್ಲಪ್ಪ... ಯಾಕಂಗಂದೆ?"

ಅಯ್ಯೋ ದೇವರೇ, ಆ ಗಳಿಗೆಯಲ್ಲಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅವನು ತಲೆ ತಗ್ಗಿಸಿಕೊಂಡು ಕೂತವನು ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬಂದರು. ಯಾವ ಠಾಣೆಯವರೋ ನಮಗೆ ಗೊತ್ತಿಲ್ಲ. ಹೂವಿನವಳ ಫೋನು, ಇವನ ಕಂಪ್ಯೂಟರು, ಗುಜರಿ ಚೀಲ, ಇವನು, ಎಲ್ಲ ಜೀಪು ಹತ್ತಿದವು. ಯಜಮಾನರು ಮಾತ್ರ ಬೆಂಚಿನ ಮೇಲೆ ಸಂಜೆವರೆಗೂ ಕೂತಿದ್ದರು. ಕಜ್ಜಾಯದ ಚೀಲವನ್ನು ಬಿಚ್ಚಲಿಲ್ಲ, ನನಗೂ ಕೊಡಲಿಲ್ಲ, ಬಿಸಾಕಲೂ ಇಲ್ಲ.

ಕೆಲವು ದಿನ ಆದಮೇಲೆ ಅವನನ್ನು ಬಿಟ್ಟರು. ಬರುವಾಗ ಒಂದು ಕಾಲು ಎಳೆಯುತ್ತಿದ್ದ. "ಮೆಟ್ಲಲ್ಲಿ ಜಾರ್ದೆ ಅಕ್ಕ" ಅಂದ. ನಾನು ಕೆದಕಲಿಲ್ಲ. ನೀರು ಕೊಟ್ಟೆ, ಕುಡಿದ. ಆಮೇಲೆ ಯಾರಿಗೂ ಹೇಳದ್ದನ್ನು ನನಗೆ ಹೇಳಿದ.

"ಆ ಗುಜರಿ ಫೋನಿನ ಬೋರ್ಡು ನೀರಲ್ಲಿದ್ದಿದ್ದು ಅಕ್ಕ. ಬಕೆಟ್ ನೀರಲ್ಲ, ಕೆರೆನೋ ಬಾವಿನೋ. ಐಸಿ ಮೇಲಿನ ತಗಡು ಎಬ್ಸುದ್ರೆ ಕೆಳ್ಗೆಲ್ಲ ನುಣ್ಣನೆ ಗೋಡು. ನಾನೇ ಬ್ರಷ್ಷಲ್ಲಿ ಉಜ್ಜಿ ತೊಳ್ದಿವ್ನಿ. ಪೊಲೀಸ್ನೋರ್ಗೆ ಹೇಳಿವ್ನಿ. ಆ ಯಜಮಾನ್ರಿಗೆ ಹೇಳಕ್ಕಾಗ್ಲಿಲ್ಲ."

ಗೋಡು ಅಂದರೆ ಕೆರೆಯ ತಳದ ಮಣ್ಣು. ಪೊಲೀಸರು ಗುಜರಿಯವನನ್ನೂ ಕೇಳಿದರಂತೆ. ಹತ್ತೂರು ಸುತ್ತಿ ಬರುವ ಚೀಲ, ಯಾವ ಫೋನು ಎಲ್ಲಿಂದ ಬಂತು ಅಂತ ಅವನೇನು ಬಲ್ಲ? ಒಂದೆರಡು ಕೆರೆ, ಹಾಳುಬಾವಿ ಹುಡುಕಿಸಿದರು. ಏನೂ ಸಿಗಲಿಲ್ಲ.

"ಎಲ್ಲಾ ಬಂದಿತ್ತು ಅಕ್ಕ ಸ್ಕ್ರೀನ್ ಮೇಲೆ" ಅಂದ ಆಮೇಲೆ. "ಅಷ್ಟು ನೀರು ಕುಡ್ದಿದ್ರೂ ಐಸಿ ಚೆನ್ನಾಗಿತ್ತು. ಫೋಟೊ, ಮೆಸೇಜು, ಎಲ್ಲ ಸಾಲಾಗಿ. ಒರಸಾಕ್ಬುಟ್ಟೆ. ಒಂದೇ ಒಂದ್ಸಲ ತೆಗ್ದು ನೋಡಿದ್ರೆ... ಯಾರ್ ಜೊತೆ ಹೋದ್ಲು, ಯಾರ್ ಫೋನ್ ಮಾಡಿದ್ರು, ಎಲ್ಲ ಇರೋದು. ಬ್ಯಾರೆ ಯಾವನ್ ಕೈಗೆ ಸಿಕ್ಕಿದ್ರೂ ನೋಡಿರೋನು ಕಣಕ್ಕ. ನನ್ ಕೈಗೇ ಬಂತಲ್ಲ."

ಪೊಲೀಸರೂ ಅದನ್ನೇ ಕೇಳಿದ್ದರಂತೆ, ನೀನೊಬ್ಬ ಮಾತ್ರ ಯಾಕೆ ನೋಡಲಿಲ್ಲ ಅಂತ. ಅವನ ಮರ್ಯಾದೆಯೇ ಅವನ ಮೇಲೆ ಅನುಮಾನವಾಗಿ ಬಂದಿತ್ತು. ನೀನು ಮಾಡಿದ್ದು ಸರಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ, ತಪ್ಪು ಅಂತಲೂ ಬರಲಿಲ್ಲ.

ಯಜಮಾನರು ಸಂತೆ ದಿನ ತಪ್ಪದೆ ಬರತೊಡಗಿದರು. ಬಂದು ಬೆಂಚಿನ ಮೇಲೆ ಕೂತು, "ಸಿಕ್ತಾ ಮಗ?" ಅನ್ನುವುದು. ಒರೆಸಿದ್ದನ್ನು ಇವನು ಮತ್ತೆ ತರಬಲ್ಲ ಅಂತ ಅವರು ನಂಬಿಕೊಂಡಿದ್ದರು. ಒರೆಸಿದ ಜಾಗದ ಮೇಲೆ ಹೊಸದಾಗಿ ಬರೆದಾಗಿದೆ, ಹೂವಿನವಳು ಅದರ ಮೇಲೆ ತನ್ನ ಫೋಟೊ, ಹಾಡು ತುಂಬಿದ್ದಾಳೆ, ಇನ್ನು ಬರುವುದಿಲ್ಲ ಅಂತ ಇವನು ಎಷ್ಟೋ ಸಲ ಹೇಳಿದ. ಅವರು ಕೇಳಿಸಿಕೊಂಡು, ಬರುವ ಸಂತೆಗೆ ಬಂದು ಮತ್ತೆ, "ಸಿಕ್ತಾ ಮಗ?" ಅವರು ಬರುವ ಹೊತ್ತಾದರೆ ಇವನ ಚಿಮ್ಮಟದಲ್ಲಿ ಹಿಡಿದ ಚಿಪ್ ಕೆಳಗೆ ಬೀಳುತ್ತಿತ್ತು.

ಒಂದು ಸಂತೆ ದಿನ ಯಜಮಾನರು ಎಂದಿನ ಪ್ರಶ್ನೆ ಕೇಳಲಿಲ್ಲ. ಮಗಳು ಹೋದ ದಿನ ಬೆಳಿಗ್ಗೆ ತಾನು ಅವಳಿಗೆ ಬೈದಿದ್ದೆ ಅಂದರು. ಬಂದ ಗಂಡನ್ನು ಅವಳು ಒಲ್ಲೆ ಅಂದಿದ್ದಳು. ಇವರು ನಮ್ಮ ಕಡೆಯ ಅಪ್ಪಂದಿರು ಬೈಯುವ ಹಾಗೆಯೇ ಬೈದಿದ್ದರು. ಅವಳು ಉಣ್ಣದೆ ಹೋಗಿದ್ದಳು.

"ನನ್ ಮೇಲೆ ಸಿಟ್ಟಲ್ಲೇ ಹೋದ್ಲಾ ಅಂತ ಒಂದೇ ಕೊರಗು ಕಣ್ ಮಗ. ಅವ್ಳವ್ವ ನನ್ ಜೊತೆ ಮಾತು ಬುಟ್ಟವ್ಳೆ. ನೀನು ಒಂದ್ ಚಣನಾದ್ರೂ ನೋಡಿರ್ತೀಯ ಅಲ್ವಾ? ಕಡೇ ಫೋಟೊದಾಗೆ ಅಳ್ತಿದ್ಲಾ, ನಗ್ತಿದ್ಲಾ, ಅಷ್ಟೇ ಹೇಳು. ಇನ್ನೇನೂ ಕೇಳಲ್ಲ."

ನಾನು ಮೆಷಿನ್ ತುಳಿಯುವುದನ್ನು ನಿಲ್ಲಿಸಿದೆ. ಪಕ್ಕದವನು ಬೆಂಚಿನ ಪಕ್ಕದಲ್ಲಿ ನಿಂತಿದ್ದ. ಅವನ ಕಣ್ಣು ಆ ಕಡೆ ಈ ಕಡೆ ಹರಿದು ನನ್ನ ಅಂಗಡಿಯ ಬಾಗಿಲಿಗೆ ಬಂತು. ಅಲ್ಲಿ ನಾನು ಹೊಲಿದು ನೇತುಹಾಕಿದ್ದ ಒಂದು ಹಸಿರು ಚೂಡಿದಾರ ಇತ್ತು, ಕೆಂಪು ದುಪಟ್ಟಾದ್ದು.

"ನೋಡ್ದೆ ಯಜಮಾನ್ರೆ" ಅಂದ. "ಒಂದೇ ಒಂದು ಫೋಟೊ ನೋಡ್ದೆ. ಹಸ್ರು ಚೂಡಿದಾರ ಹಾಕಿದ್ಲು, ಕೆಂಪು ವೇಲು. ಕುರಿಮರಿ ಎತ್ಕಂಡು ನಗ್ತಿದ್ಲು."

ಯಜಮಾನರ ಬಾಯಿ ತೆರೆದೇ ಇತ್ತು. "ಹಸ್ರುದು... ಹೂಂ ಕಣಪ್ಪ, ಹಬ್ಬಕ್ಕೆ ತಂದ್ಕೊಟ್ಟಿದ್ದೆ ಹಸ್ರುದು!" ಅಂದು ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡರು. ಆ ವರ್ಷ ನಮ್ಮ ತಾಲ್ಲೂಕಿನಲ್ಲಿ ಹಸಿರು ಚೂಡಿದಾರ ಇಲ್ಲದ ಹುಡುಗಿ ಇರಲಿಲ್ಲ. ಹೊಲಿದವಳು ನಾನಲ್ಲವೇ, ನನಗೆ ಗೊತ್ತಿಲ್ಲವೇ? ಆದರೂ ಆ ಮುದುಕಪ್ಪನ ಮುಖ ನೋಡಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ಅತ್ತುಬಿಟ್ಟೆ.

ಅವರು ಹೋದಮೇಲೆ ಚೆನ್ನಾಗಿ ಉಗಿದೆ. "ಲೋ, ತಲೆಗಿಲೆ ಕೆಟ್ಟಿದ್ಯೇನೋ? ನೋಡ್ದೆ ಅಂತ ಹೇಳ್ಕೊಂಡಿದ್ದೀಯಲ್ಲ, ಇದು ಊರೊಳಗೆ ಹಬ್ಬಿದ್ರೆ ಯಾವ ಹೆಂಗಸು ನಿನ್ನಂಗಡಿ ಮೆಟ್ಲು ಹತ್ತಾಳೆ?"

"ಹಬ್ಬಲ್ಲ ಬುಡಕ್ಕ" ಅಂದ.

ಹಬ್ಬದೆ ಇರುತ್ತದೆಯೇ? ಯಜಮಾನರೇ ಹಬ್ಬಿಸಿದರು, ಖುಷಿಯಿಂದ. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಸಂತೆಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ: ಆ ಮೊಬೈಲ್ ಅಂಗಡಿಯವನು ನನ್ನ ಮಗಳ ಫೋಟೊ ನೋಡಿದ್ದಾನೆ, ನಗುತ್ತಿದ್ದಳಂತೆ. ಕೇಳಿದವರಿಗೆ ಮಗಳ ನಗು ಕೇಳಿಸಲಿಲ್ಲ, ಅಂಗಡಿಯವನು ನೋಡಿದ್ದು ಮಾತ್ರ ಕೇಳಿಸಿತು. ನಾನೇ ಕಳಿಸಿದ್ದ ಟೀಚರೊಬ್ಬರು ಬಂದು, ರಿಪೇರಿಗೆ ಕೊಟ್ಟ ಫೋನನ್ನು ಬಿಚ್ಚಿದ್ದು ಬಿಚ್ಚಿದ ಹಾಗೇ ಕಿತ್ತುಕೊಂಡು ಹೋದರು. ಇನ್ನೊಬ್ಬಳ ಗಂಡ ಬಂದು ಕೊರಳಪಟ್ಟಿ ಹಿಡಿದ. ಬಿಸಿಗಾಳಿ ಮೆಷಿನನ್ನು ಎತ್ತಿ ರಸ್ತೆಗೆ ಹೊಡೆದ. ಬೀದಿಯೆಲ್ಲ ನಿಂತು ನೋಡಿತು. ಇವನು ಒಂದು ಸಲವೂ ನಾನು ನೋಡಿಲ್ಲ ಅನ್ನಲಿಲ್ಲ.

ಪೊಲೀಸರಿಗೂ ಸುದ್ದಿ ಮುಟ್ಟಿತು. ಮೊದಲು ನೋಡಿಲ್ಲ ಅಂದೆ, ಈಗ ನೋಡಿದೆ ಅಂತೀಯ, ಇನ್ನೂ ಏನೇನು ಮುಚ್ಚಿಟ್ಟಿದ್ದೀಯ ಅಂತ ಮತ್ತೆ ಮತ್ತೆ ಕರೆಸಿದರು. ಅಲ್ಲಿಯೂ ಇವನು ಹಸಿರು ಚೂಡಿದಾರ, ಕುರಿಮರಿ, ಅಷ್ಟೇ ಅಂದನಂತೆ.

ನಾನು ಕೈ ಮುಗಿದು ಬೇಡಿಕೊಂಡೆ. "ಹೋಗಿ ನಿಜ ಹೇಳೋ. ನಾನೂ ಬತ್ತೀನಿ. ಆ ಚೂಡಿದಾರನೇ ತೋರಿಸ್ತೀನಿ."

"ಹೇಳ್ಬುಟ್ರೆ ಆ ಫೋಟೊನೂ ಹೋಗ್ಬುಡ್ತದೆ ಅಕ್ಕ. ಒಂದ್ಸಲ ಒರಸಾಕಿವ್ನಿ, ಸಾಕು" ಅಂದ. "ಆ ಯಜಮಾನ್ರು ಇರೋಗಂಟ ನೀನೂ ಬಾಯ್ ಬಿಡ್ಬ್ಯಾಡ. ನನ್ ಮೇಲೆ ಆಣೆ."

ನನ್ನಂಥ ಬಾಯಿಬಡುಕಿಯ ಕೈಲಿ ಆಣೆ ಹಾಕಿಸಿಕೊಂಡ, ನೋಡಿ. ಅವನ ಹೆಂಡತಿಗಾದರೂ ಹೇಳಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಅವಳು ನೀರಿಗೆ ಹೋದಲ್ಲಿ, ಅಂಗಡಿಗೆ ಹೋದಲ್ಲಿ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಕಡೆಗೆ ಮಗುವನ್ನು ಕಟ್ಟಿಕೊಂಡು ಚನ್ನಪಟ್ಟಣದ ಕಡೆ ಅಕ್ಕೂರಿಗೆ, ತವರಿಗೆ ಹೋದಳು. ಅವನು ಅಂಗಡಿ ಖಾಲಿ ಮಾಡಿ ಬೆಂಗಳೂರಿನಲ್ಲಿ ಯಾರದೋ ಅಂಗಡಿಯ ಮೂಲೆಯಲ್ಲಿ ಕೂತು ಕೆಲಸ ಮಾಡತೊಡಗಿದ. ಅಪರೂಪಕ್ಕೆ ಫೋನ್ ಮಾಡಿದರೆ ಒಂದೇ ಮಾತು ಕೇಳುತ್ತಿದ್ದ, "ಯಜಮಾನ್ರು ಸಂತೆಗೆ ಬಂದಿದ್ರಾ ಅಕ್ಕ?" ಒಂದು ದಿನ ಎದೆನೋವು ಅಂತ ಟೇಬಲ್ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲವಂತೆ. ಹೋಗುವ ವಯಸ್ಸೇ ಅಲ್ಲ.

ತಿಥಿಗೆ ನಾನು ಅಕ್ಕೂರಿಗೆ ಹೋದೆ. ಕನಕಪುರದಿಂದ ಬಂದವಳು ನಾನೊಬ್ಬಳೇ ಅಂದುಕೊಂಡಿದ್ದೆ. ಶಾಮಿಯಾನದ ಕೆಳಗೆ ಎಡೆ ಇಟ್ಟು ಎಲ್ಲರೂ ಕೈ ಮುಗಿಯುತ್ತಿದ್ದಾಗ ನೋಡಿದರೆ ಯಜಮಾನರು! ಯಾರು ಹೇಳಿದರೋ, ಎರಡು ಬಸ್ಸು ಬದಲಿಸಿ ಬಂದಿದ್ದರು. ಅವತ್ತು ಮನಸ್ಸಿನಲ್ಲಿ ನಾನು ಒಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ. ಆಣೆ ಹಾಕಿದವನೇ ಇಲ್ಲ, ಇನ್ನು ಅವನ ಹೆಂಡತಿಗೆ ನಿಜ ಹೇಳಿಬಿಡಬೇಕು ಅಂತ.

ಅವಳೇ ಮೊದಲು ಕೇಳಿದಳು. ಎಲೆ ಹಾಕುವ ಮುಂಚೆ ನನ್ನ ಪಕ್ಕ ಬಂದು ಕೂತು, "ಅಕ್ಕ, ಒಂದೇ ಒಂದು ಮಾತು. ನೀವು ಪಕ್ಕದಲ್ಲೇ ಇದ್ದೋರು. ನನ್ ಗಂಡ ಅವ್ರಿವ್ರ ಫೋಟೊ ನೋಡ್ತಿದ್ರಾ?" ಅಂದಳು. ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಎದುರು ಕೂತಿದ್ದ ಯಜಮಾನರು ಎದ್ದು ಬಂದರು. ಅವಳಿಗೆ ಕೈ ಮುಗಿದರು. ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು, "ನನ್ ಮಗಳ್ನ ಕಡೇಗೆ ನೋಡಿದ್ದು ನಿನ್ ಗಂಡನೇ ಕಣ್ ತಾಯಿ. ನಗ್ತಿದ್ಲು ಅಂದ. ಆ ಒಂದ್ ಮಾತಲ್ಲಿ ನಾನೂ ನನ್ ಹೆಂಡ್ತಿನೂ ಒಂದೊತ್ತು ಉಣ್ತಾ ಇದ್ದೀವಿ." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಅಲ್ಲೇ ಇರ್ತಿದ್ಯಲ್ಲವ್ವ. ನಿಂಗೂ ತೋರ್ಸಿದ್ನಾ ಆ ಫೋಟೊನ?"

ಒಂದು ಕಡೆ ಅವಳು ನನ್ನ ಮುಖ ನೋಡುತ್ತಿದ್ದಾಳೆ. ಇನ್ನೊಂದು ಕಡೆ ಅವರು. ಇಲ್ಲ ಅಂದರೆ ಇವರ ಮಗಳು ಸಿಟ್ಟಿನಲ್ಲಿ, ಉಣ್ಣದೆ ಹೋದವಳಾಗಿ ಉಳಿಯುತ್ತಾಳೆ. ಹೂಂ ಅಂದರೆ...

"ಹೂಂ" ಅಂದೆ. "ನಾನೂ ನೋಡ್ದೆ. ನಗ್ತಿದ್ಲು."

ಅವಳು ಎದ್ದು ಒಳಗೆ ಹೋದಳು. ಯಜಮಾನರು ಉಂಡು ಹೊರಟಮೇಲೆ ನಾನು ಹಿತ್ತಲಿಗೆ ಹೋಗಿ, ಪಾತ್ರೆ ತೊಳೆಯುತ್ತಿದ್ದ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊದಲಿಂದ ಕಡೆವರೆಗೆ ಎಲ್ಲ ಹೇಳಿದೆ. ಹಸಿರು ಚೂಡಿದಾರ ನನ್ನ ಬಾಗಿಲಲ್ಲಿದ್ದದ್ದು ಹೇಳಿದೆ. ನಿನ್ನ ಗಂಡ ಅಪರಂಜಿ ಕಣಮ್ಮ ಅಂದೆ. ಅವಳು ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು.

"ಆಗ್ಲೆ ಅಷ್ಟ್ ಜನದ್ ಮುಂದೆ ನೋಡ್ದೆ ಅಂದ್ರಿ. ಈಗ ಯಾರೂ ಇಲ್ದಾಗ ಇಲ್ಲ ಅಂತೀರ. ನಾನ್ ಯಾವ್ದು ನಂಬ್ಲಿ ಅಕ್ಕ?"

ಆಮೇಲೆ ಎಷ್ಟೋ ಸಲ ಫೋನ್ ಮಾಡಿ ನೋಡಿದೆ. ಅವಳು ಎತ್ತುವುದಿಲ್ಲ. ಮಗು ಶಾಲೆಗೆ ಹೋಗುವಷ್ಟಾಗಿದೆಯಂತೆ. ಅಪ್ಪನ ಬಗ್ಗೆ ಅದಕ್ಕೆ ಏನು ಹೇಳಿದ್ದಾಳೋ...

ಮೆಟ್ಟಿಲ ಮೇಲೆ ಕೂತು ಇಷ್ಟೆಲ್ಲ ನೆನೆಯುವಷ್ಟರಲ್ಲಿ ನನ್ನ ಫೋನು ಸರಿಹೋಗಿತ್ತು. ತೆಗೆದುಕೊಂಡು ಅಂಗಡಿಗೆ ಬಂದೆ. ಪಕ್ಕದ ಮಳಿಗೆಯಲ್ಲಿ ಈಗ ಚಪ್ಪಲಿ ಮಾರುತ್ತಾರೆ. ಆವತ್ತು ಸಂತೆ. ಯಜಮಾನರು ಬಂದು ಬೆಂಚಿನ ಮೇಲೆ ಕೂತಿದ್ದರು. ಕಣ್ಣು ಮಂಜಾಗಿದೆ, ಕುರಿಗಳನ್ನು ಮಾರಿಬಿಟ್ಟಿದ್ದಾರೆ. ಬಂದಾಗಲೆಲ್ಲ ಆ ಫೋಟೊದ ಮಾತು ಕೇಳಿಸಿಕೊಳ್ಳಬೇಕು ಅವರಿಗೆ, ನನ್ನ ಬಾಯಿಂದ. ಈ ಸಲ ಹೊಸದೊಂದು ಕೇಳಿದರು.

"ಆ ಮರಿ ಯಾವ್ ಬಣ್ಣ ಇತ್ತವ್ವ?"

"ಕರಿದು" ಅಂದೆ. "ಹಣೆ ಮೇಲೆ ಒಸಿ ಬಿಳುಪು."

ಅವರು ಯೋಚಿಸಿದರು. "ಹೂಂ, ಅದೇಯ. ಅದ್ರ ತಾಯಿ ಸತ್ತೋಗಿತ್ತು, ಅವ್ಳೇ ಬಾಟ್ಲಿ ಹಾಲು ಕುಡ್ಸಿ ಸಾಕಿದ್ಲು" ಅಂದು ಕಣ್ಣೊರೆಸಿಕೊಂಡು, ಕೋಲು ಊರಿ ಬಸ್ಸಿಗೆ ಹೊರಟರು.

ಆ ಹುಡುಗಿ ಇವತ್ತಿಗೂ ಸಿಕ್ಕಿಲ್ಲ. ಅವನೂ ಇಲ್ಲ. ಊರಲ್ಲಿ ಅವನ ಮಾತು ಬಂದರೆ ಜನ ಈಗಲೂ, "ಓ, ಹೆಂಗಸ್ರ ಫೋಟೊ ನೋಡ್ತಿದ್ನಲ್ಲ, ಅವ್ನಾ?" ಅನ್ನುತ್ತಾರೆ. ಅವನು ನೋಡುತ್ತಿರಲಿಲ್ಲ ಅಂತ ಹೇಳಬಲ್ಲವಳು ಉಳಿದಿರುವುದು ನಾನೊಬ್ಬಳೇ. ನಾನು ತಲೆ ಬಗ್ಗಿಸಿಕೊಂಡು ಮೆಷಿನ್ ತುಳಿಯುತ್ತೇನೆ.